ಖಂಡೆ ಪೂಜೆಯ ದಿನ ನಿಂತ ಫಟಫಟಿ

ಆ ವರ್ಷ ಮಹಾನವಮಿಯ ಹಿಂದಿನ ದಿನ ನಾನು ಸೇಡಮ್ಮಿನ ದನದ ದವಾಖಾನೆಯ ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿಕೊಂಡು ದವಾಖಾನೆಯ ಫಟಫಟಿಯ ಮುಂದೆ ಕುಳಿತಿದ್ದೆ. ಫಟಫಟಿ ಎಂದರೆ ಮೋಟಾರ್ ಸೈಕಲ್ಲು, ಸರಕಾರದ್ದು, ಡಾಕ್ಟರ್ ಸಾಹೇಬರ ತಿರುಗಾಟಕ್ಕೆಂದು ಕೊಟ್ಟದ್ದು. ಸಾಹೇಬರು ಮೈಸೂರು ಕಡೆಯವರು, ಸಣ್ಣ ವಯಸ್ಸು, ಕೆಲಸದಲ್ಲಿ ಚುರುಕು. ನಮ್ಮ ಎರಿ ಮಣ್ಣಿನ ದಾರಿಯಲ್ಲಿ ಒಂದೆರಡು ಸಲ ಬಿದ್ದ ಮೇಲೆ ಹ್ಯಾಂಡಲ್ ನನ್ನ ಕೈಗೆ ಕೊಟ್ಟು ತಾವು ಹಿಂದೆ ಕುಳಿತುಕೊಳ್ಳತೊಡಗಿದ್ದರು. ನಾನು ಅಲ್ಲಿ ಕಂಪೌಂಡರ್. ಔಷಧಿ ಅರೆಯುವುದು, ಸೂಜಿ ಕುದಿಸುವುದು, ದನ ಕೆಡವಿ ಹಿಡಿಯುವುದು ನನ್ನ ಕೆಲಸ. ಫಟಫಟಿಯ ಆರೈಕೆ ಯಾರೂ ಹೇಳದೆ ನನ್ನ ಪಾಲಿಗೆ ಬಂದಿತ್ತು.

ಅವತ್ತು ಆ ಆರೈಕೆಗೆ ಅವಸರವಿತ್ತು. ಗಡಿಯಾಚೆ ತೆಲುಗು ಸೀಮೆಯಿಂದ ದನ ಕೊಲ್ಲುವ ದೊಡ್ಡ ಬ್ಯಾನಿ ನಮ್ಮ ಕಡೆ ಇಳಿದಿತ್ತು. ಅದು ಬಂದ ದನಕ್ಕೆ ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ವಾರದೊಳಗೆ ಹಟ್ಟಿ ಖಾಲಿ. ಬಂದ ಮೇಲೆ ಔಷಧವಿಲ್ಲ. ಬರುವ ಮುಂಚೆ ಚುಚ್ಚುವ ಲಸಿಕೆ ಮಾತ್ರ ಉಂಟು. ಸಾಹೇಬರು ಬೆಂಗಳೂರಿಗೆ ತಾರು ಕೊಟ್ಟಿದ್ದರು. ಲಸಿಕೆ ರೈಲಿನಲ್ಲಿ ಹೊರಟಿದೆ, ವಾಡಿ ಜಂಕ್ಷನ್ನಿನಲ್ಲಿ ಹೊಸ ಬರ್ಫ ತುಂಬಿಸಿ ಮರುದಿನದ ಪ್ಯಾಸೆಂಜರಿಗೆ ಸೇಡಮ್ಮಿಗೆ ಬರುತ್ತದೆ ಎಂದು ಉತ್ತರ ಬಂದಿತ್ತು.

ಅದನ್ನು ಮೊದಲು ಒಯ್ಯಬೇಕಾದದ್ದು ಚಿಂಚೋಳಿ ಕಡೆಯ ಗಡಿಯ ಒಂದು ಊರಿಗೆ. ಆ ಊರಿಗೆ ನನ್ನ ಅಕ್ಕನನ್ನು ಕೊಟ್ಟಿದ್ದೆವು. ಬಾಜೂ ಊರಿನಲ್ಲಿ ಆಗಲೇ ದನ ಬೀಳತೊಡಗಿದ್ದವು. ಎರಡೂ ಊರಿನ ದನ ನೀರು ಕುಡಿಯುವುದು ಒಂದೇ ಹಳ್ಳದಲ್ಲಿ. ಸಾಹೇಬರು ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿದ್ದರು: ನವಮಿಯ ದಿನ ಹೊತ್ತು ಮುಳುಗುವುದರೊಳಗೆ ಬರುತ್ತೇವೆ, ಅಲ್ಲಿಯ ತನಕ ಒಂದು ದನವನ್ನೂ ಹಳ್ಳಕ್ಕೆ ಬಿಡಬೇಡಿ. ಅದೇ ಬಸ್ಸಿನವನು ಅಕ್ಕನ ಉತ್ತರ ತಂದಿದ್ದ. ಊರಿನವರು ಗೊಣಗುತ್ತಿದ್ದಾರಂತೆ, ಬಾವಿಯಿಂದ ಸೇದಿ ಕುಡಿಸುವುದು ಯಾರಿಂದ ಆಗುತ್ತದೆ ಎನ್ನುತ್ತಿದ್ದಾರಂತೆ. ಅಕ್ಕ ಮನೆ ಮನೆಗೆ ಹೋಗಿ ಒಪ್ಪಿಸಿದ್ದಾಳೆ. ಕೊನೆಗೆ ಅವಳು ಹೇಳಿ ಕಳಿಸಿದ ಮಾತು ಹೀಗಿತ್ತು: "ನಾಳಿ ಸಂಜಿತನ ನನ್ನ ಮಾತಿಗಿ ನಿಂತಾರ. ನೀ ಬರಲಿಲ್ಲಂದ್ರ ಯಾರ ಮಾತೂ ಕೇಳಂಗಿಲ್ಲ ತಮ್ಮಾ."

ಹಾಗಾಗಿ ಅವತ್ತು ನಾನು ಒಂದನ್ನೂ ಬಿಡದೆ ನೋಡಿದೆ. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗಲೇ ಮೊದಲು ಟ್ಯಾಪೆಟ್. ಒಳಗಿನ ಕಡ್ಡಿಗಳು ಬೆರಳಿನಿಂದ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಅಷ್ಟು ಹದಕ್ಕೆ ಬರುವ ತನಕ ಪಾನಾ ಹಿಡಿದು ಬಿಗಿಮಾಡಿ, ಸಡಿಲಿಸಿ, ಮತ್ತೆ ಬಿಗಿಮಾಡಿದೆ. ಆಮೇಲೆ ಎಂಜಿನ್ ಶುರು ಮಾಡಿ ಬಿಸಿಯಾದ ಮೇಲೆ ಕೆಳಗಿನ ಬಿರಡೆ ಬಿಚ್ಚಿ ಹಳೆಯ ಆಯಿಲ್ ಇಳಿಸಿದೆ. ತಣ್ಣಗಿದ್ದಾಗ ಇಳಿಸಿದರೆ ಹೊಲಸೆಲ್ಲ ತಳದಲ್ಲೇ ಉಳಿಯುತ್ತದೆ. ಚೈನು ಕಳಚಿ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದೆ. ನಮ್ಮ ಕಡೆಯ ದಾರಿಯ ಧೂಳು ಬರೀ ಮಣ್ಣಲ್ಲ, ಸುಣ್ಣದ ಕಲ್ಲಿನ ಪುಡಿ. ಚೈನಿಗೆ ಎಣ್ಣೆ ಜಾಸ್ತಿಯಾದರೆ ಈ ಪುಡಿ ಅದಕ್ಕೆ ಅಂಟಿ, ಬೀಸುವ ಕಲ್ಲಿನ ಹಾಗೆ ಹಲ್ಲುಗಳನ್ನು ತಿನ್ನುತ್ತದೆ. ಅದಕ್ಕೇ ಎಣ್ಣೆ ಹಚ್ಚಿ, ಅರಿವೆಯಿಂದ ಎಲ್ಲ ಒರೆಸಿ ತೆಗೆದು, ಒಳಗೆ ಉಳಿದಷ್ಟೇ ಸಾಕು ಎಂದು ಬಿಡುವುದು ನನ್ನ ಪದ್ಧತಿ. ಗಾಳಿ ಜಾಳಿಗೆಯನ್ನು ತೊಳೆದು, ಎಣ್ಣೆಯಲ್ಲಿ ಅದ್ದಿ, ಹನಿ ನಿಲ್ಲುವ ತನಕ ಗಿಡಕ್ಕೆ ನೇತುಹಾಕಿದೆ. ಅದರ ಬಾಜೂಕ್ಕೆ ಕ್ಲಚ್ಚಿನ ವೈರು, ಅದರ ತುದಿಗೆ ಕಾಗದದ ಕೊಳವೆ ಕಟ್ಟಿ ಅದರಲ್ಲಿ ಎಣ್ಣೆ. ಎಣ್ಣೆ ಮೇಲಿನಿಂದ ಕೆಳಗೆ ಇಳಿದು ಬರಲಿಕ್ಕೆ ಊಟದ ಹೊತ್ತು ಹಿಡಿಯಿತು.

ಪ್ಲಗ್ಗಿನ ಮಸಿ ಕೆರೆದೆ. ಕಿಡಿ ಹುಟ್ಟಿಸುವ ಪಾಯಿಂಟನ್ನು ಉಜ್ಜಿ, ತೆಳು ಪತ್ತಿ ತೂರಿಸಿ ಸಂದು ನೋಡಿದೆ. ಮಳೆಗಾಲ ಮುಗಿದಿದ್ದರಿಂದ ಪೆಟ್ರೋಲ್ ಟಾಕಿಯ ತಳದಲ್ಲಿ ನೀರು ನಿಂತಿರಬಹುದೆಂದು ಅದನ್ನೂ ಪೂರ್ತಿ ಇಳಿಸಿ, ಸೋಸಿ ಮತ್ತೆ ತುಂಬಿದೆ. ಟಾಕಿಯ ಮುಚ್ಚಳದ ನಡುವೆ ಗಾಳಿಗೆಂದು ಸೂಜಿ ಮೊನೆಯಷ್ಟು ಒಂದು ತೂತು ಇರುತ್ತದೆ, ಅದನ್ನೂ ಚುಚ್ಚಿ ನೋಡಿ ಮುಚ್ಚಿದೆ. ಬಿಚ್ಚಿದ ಸಾಮಾನುಗಳನ್ನು ಶಹಾಬಾದ ಫರಸಿಕಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದೆ. ಸಂಜೆಗೆ ಫರಸಿ ಬರಿದಾಯಿತು, ಒಂದು ವಾಸರ್ ಸಹ ಉಳಿಯಲಿಲ್ಲ. ದವಾಖಾನೆಯ ಸುತ್ತ ಒಂದು ಚಕ್ಕರ್ ಹೊಡೆದು ಬಂದೆ. ಗಡಿಯಾರದ ಹಾಗೆ ಬಡಿಯುತ್ತಿತ್ತು.

ರಾತ್ರಿ ಫಟಫಟಿ ನಮ್ಮ ಮನೆಯ ಮುಂದೆಯೇ ಇತ್ತು. ಮರುದಿನ ಖಂಡೆ ಪೂಜೆ.

ನಮ್ಮಲ್ಲಿ ಆ ದಿನ ದುಡಿಯುವ ಹತ್ಯಾರಗಳಿಗೆಲ್ಲ ಪೂಜೆ. ಕುಡಗೋಲು, ಕೊಡಲಿ, ಒನಕೆ, ನನ್ನ ಪಾನಾಗಳು, ಸ್ಕ್ರೂ ತಿರುಗಿಸುವ ಪೇಚಕಸ್ಸು, ಎಲ್ಲವನ್ನೂ ಅವ್ವ ಕಂಬಳಿಯ ಮೇಲೆ ಜೋಡಿಸಿ ವಿಭೂತಿ ಹಚ್ಚಿ ಹೂ ಏರಿಸುತ್ತಾಳೆ. ಹಾಗೆ ಪೂಜೆಗೆ ಇಟ್ಟ ಹತ್ಯಾರವನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಎತ್ತುವಂತಿಲ್ಲ. ಅವೂ ಒಂದು ದಿನ ಕೂಡಬೇಕು ಎನ್ನುತ್ತಾಳೆ. ಫಟಫಟಿಗೆ ಮಾತ್ರ ಆ ರಿಯಾಯಿತಿ ಇಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಅವ್ವ ಒಪ್ಪಿದಳು. ಮಗಳ ಊರಿಗೆ ಹೋಗುವ ಗಾಡಿ, ಇದಕ್ಕೆ ಎರಡು ಪಟ್ಟು ಪೂಜೆ ಆಗಬೇಕು ಎಂದಳು. ಮುಂದಿನ ದೀಪಕ್ಕೆ ವಿಭೂತಿ, ಹ್ಯಾಂಡಲ್ಲಿಗೆ ಚೆಂಡು ಹೂವಿನ ಹಾರ, ಗಾಲಿಗೆ ನಿಂಬೆಹಣ್ಣು. ನಾನು ಒಳಗೆ ಸ್ನಾನಕ್ಕೆ ಹೋದೆ.

ಹೊತ್ತು ಏರಿದ ಮೇಲೆ ಸಾಹೇಬರು ಸ್ಟೇಶನ್ನಿನಿಂದ ನೇರ ನಮ್ಮ ಮನೆಗೆ ಬಂದರು, ಕೂಲಿಯವನ ತಲೆಯ ಮೇಲೆ ಪೆಟ್ಟಿಗೆ. ಪ್ಯಾಸೆಂಜರ್ ತಡವಾಗಿ ಬಂದಿತ್ತು. ತಗಡು ಬಡಿದ ಮರದ ಪೆಟ್ಟಿಗೆ, ಒಳಗೆ ಕಟ್ಟಿಗೆಯ ಹೊಟ್ಟು, ಹೊಟ್ಟಿನ ನಡುವೆ ಬರ್ಫ, ಬರ್ಫಿನ ನಡುವೆ ಲಸಿಕೆಯ ಗಾಜಿನ ಕೊಳವೆಗಳು. ಸಾಹೇಬರು ಹೊಟ್ಟಿನಲ್ಲಿ ಮೊಳಕೈತನಕ ತೋಳು ಇಳಿಸಿ ನೋಡಿದರು. ವಾಡಿಯಲ್ಲಿ ತುಂಬಿದ್ದು ಅರ್ಧಕ್ಕೆ ಬಂದಿದೆ, ಈಗಲೇ ಹೊರಟರೆ ಊರು ಮುಟ್ಟುವ ತನಕ ಸಾಕು ಎಂದರು. ಸೇಡಮ್ಮಿನಲ್ಲಿ ಆ ದಿನ ಸೋಡಾ ಅಂಗಡಿ ಸಹ ಮುಚ್ಚಿತ್ತು. ಬೇರೆ ಬರ್ಫ ಇರಲಿಲ್ಲ. ಬರ್ಫ ಕರಗಿ ಲಸಿಕೆ ಬೆಚ್ಚಗಾದರೆ ಅದನ್ನು ಚುಚ್ಚುವುದೂ ಒಂದೇ, ನೀರು ಚುಚ್ಚುವುದೂ ಒಂದೇ.

ನಾನು ಹತ್ಯಾರಗಳ ಮುಂದೆ ನಿಂತೆ. ಪಾನಾಗಳ ಮೇಲೆ ಹೂವಿತ್ತು. ಅಷ್ಟು ದೂರದ ಎರಿ ದಾರಿಗೆ ಬರಿಗೈಯಲ್ಲಿ ಹೋಗಲಿಕ್ಕೆ ಧೈರ್ಯವಾಗಲಿಲ್ಲ, ಎತ್ತಲಿಕ್ಕೂ ಮನಸ್ಸಾಗಲಿಲ್ಲ. ಅವ್ವ ನನ್ನ ಮುಖ ನೋಡಿದಳು. ತಾನೇ ಬಗ್ಗಿ ಹೂ ಸರಿಸಿ, ಪಾನಾಗಳನ್ನೂ ಪೇಚಕಸ್ಸನ್ನೂ ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ದನಾ ಸಾಯಲಿಕತ್ತಾವಂದ್ರ ಯಾ ದೇವರೂ ಬ್ಯಾಡ ಅನ್ನಂಗಿಲ್ಲ. ನಡಿ."

ಕೋಡ್ಲಾ ಊರು ದಾಟುವ ತನಕ ಚೆನ್ನಾಗಿ ಓಡಿತು. ಸಾಹೇಬರು ನಮ್ಮಿಬ್ಬರ ನಡುವೆ ಪೆಟ್ಟಿಗೆ ಇಟ್ಟುಕೊಂಡು ಎರಡೂ ಕೈಯಿಂದ ತಬ್ಬಿದ್ದರು. ಎರಡೂ ಬದಿ ತೊಗರಿ ಹಸಿರು, ಅಲ್ಲಲ್ಲಿ ಹಳದಿ ಹೂವು. ದಾರಿಯ ಗಾಲಿಗೆರೆಗಳು ಮೇಲೆ ಒಣಗಿ, ಕೆಳಗೆ ಇನ್ನೂ ಹಸಿಯಾಗಿದ್ದವು. ಆಗ ಎಂಜಿನ್ ಒಮ್ಮೆ ತಡವರಿಸಿತು. ನಾನು ಗ್ಯಾಸು ಜಾಸ್ತಿ ಕೊಟ್ಟೆ. ಇನ್ನೊಮ್ಮೆ ತಡವರಿಸಿ, ಮುದುಕ ಕೆಮ್ಮಿದ ಹಾಗೆ ಕೆಮ್ಮಿ ನಿಂತುಬಿಟ್ಟಿತು.

ಒದ್ದೆ. ಹತ್ತಲಿಲ್ಲ. ಪ್ಲಗ್ಗು ಬಿಚ್ಚಿ ನೋಡಿದರೆ ಒಣಗಿತ್ತು. ಒರೆಸಿ, ಎಂಜಿನ್ನಿನ ಮೈಗೆ ಹಿಡಿದು ಒದ್ದರೆ ಕಿಡಿ ಚೆನ್ನಾಗಿ ಬರುತ್ತಿತ್ತು. ಮತ್ತೆ ಹಾಕಿದೆ. ಎರಡನೆಯ ಒದೆತಕ್ಕೆ ಶುರುವಾಯಿತು. ಧೂಳು ಬಂದಿರಬೇಕು ಎಂದೆ. ಸಾಹೇಬರು ಹೊಟ್ಟಿನಲ್ಲಿ ಕೈ ಇಳಿಸಿ ನೋಡಿ, "ಇದೆ" ಎಂದರು.

ಇನ್ನಷ್ಟು ದೂರ ಹೋಗಿ ಮತ್ತೆ ನಿಂತಿತು. ಪ್ಲಗ್ಗು ಬಿಚ್ಚಿದೆ, ಈ ಸಲವೂ ಒಣಗಿತ್ತು. ಪ್ಲಗ್ಗು ಒಣಗಿದೆ ಎಂದರೆ ಪೆಟ್ರೋಲ್ ಬರುತ್ತಿಲ್ಲ. ಪೆಟ್ರೋಲ್ ಬರುತ್ತಿಲ್ಲ ಎಂದರೆ ಕಾರ್ಬುರೇಟರ್. ನಿನ್ನೆ ಟಾಕಿ ತೊಳೆದಾಗ ಕಸ ಒಳಗೆ ಹೋಯಿತೇ? ಸೋಸಿದ ಅರಿವೆಯ ಎಳೆ ಬಿತ್ತೇ? ದಾರಿಯ ಬದಿ ನನ್ನ ಮೇಲಂಗಿ ಹಾಸಿ ಕಾರ್ಬುರೇಟರ್ ಬಿಚ್ಚಿದೆ. ಬಟ್ಟಲಲ್ಲಿ ಹನಿ ಪೆಟ್ರೋಲ್ ಇರಲಿಲ್ಲ. ನಳಿಗೆಗೆ ಬಾಯಿ ಇಟ್ಟು ಊದಿದೆ, ತೂತನ್ನು ಕಣ್ಣಿಗೆ ಹಿಡಿದು ಬೆಳಕು ನೋಡಿದೆ, ತೇಲುವ ಬುಡ್ಡೆ ಅಲುಗಿಸಿದೆ. ಎಲ್ಲಿಯೂ ಕಸವಿಲ್ಲ. ಟಾಕಿಯ ರಬ್ಬರ್ ನಳಿಗೆ ಕಿತ್ತು ಹಿಡಿದರೆ ಮೊದಲು ಹನಿಹನಿಯಾಗಿ, ಗುಳುಗುಳು ಎಂದು, ಆಮೇಲೆ ಸರಿಯಾಗಿ ಬಂತು. ಸಿಕ್ಕಿದ್ದ ಕಸ ಹೋಯಿತು ಎಂದುಕೊಂಡೆ. ಜೋಡಿಸಿದೆ, ಒದ್ದೆ, ಶುರುವಾಯಿತು. ಪೆಟ್ರೋಲ್ ಕುಡಿದ ಬಾಯಿ ಉರಿಯುತ್ತಿತ್ತು.

ಸಾಹೇಬರ ಕೈ ಮತ್ತೆ ಪೆಟ್ಟಿಗೆಯೊಳಗೆ. "ಇದೆ. ಸಣ್ಣದಾಗಿದೆ."

ಮೂರನೆಯ ಸಲ ನಿಂತದ್ದು ಹೆದ್ದಾರಿ ಬಿಟ್ಟು ಅಕ್ಕನ ಊರಿನ ಬಂಡಿದಾರಿಗೆ ಹೊರಳಿದ ಮೇಲೆ. ಹೊತ್ತು ಪಡುವಣಕ್ಕೆ ವಾಲಿತ್ತು. ನಡೆದರೆ ಕತ್ತಲಾಗುತ್ತದೆ. ಹಿಂದಕ್ಕೆ ಹೋಗಬೇಕೆಂದರೂ ಇದೇ ಫಟಫಟಿ. ನನ್ನ ತಲೆ ಓಡಲಿಲ್ಲ, ಕೈ ಮಾತ್ರ ಓಡಿತು. ಇನ್ನು ಉಳಿದದ್ದು ಪಾಯಿಂಟು ಎಂದು ಅದರ ಮುಚ್ಚಳದ ಸ್ಕ್ರೂ ತಿರುಗಿಸತೊಡಗಿದೆ. ಬೆವರಿದ ಬೆರಳಿನಿಂದ ಸ್ಕ್ರೂ ಜಾರಿ ಎರಿ ಮಣ್ಣಿನ ಬಿರುಕಿನಲ್ಲಿ ಬಿತ್ತು. ಮೊಣಕಾಲೂರಿ ಮಣ್ಣು ಕೆದರಿದೆ. ಎರಿ ಮಣ್ಣಿನಲ್ಲಿ ಬಿದ್ದ ಸ್ಕ್ರೂ ಎಂದರೆ ಎಳ್ಳಿನ ರಾಶಿಯಲ್ಲಿ ಬಿದ್ದ ಎಳ್ಳು.

ಆ ಹೊತ್ತಿಗೆ ಹಿಂದಿನಿಂದ ಒಂದು ಎತ್ತಿನ ಬಂಡಿ ಬಂದು ನಿಂತಿತು. ಹೊಡೆಯುವವನು ನನಗಿಂತ ಹಿರಿಯ ರೈತ, ಹಬ್ಬಕ್ಕೆಂದು ತಲೆಗೆ ಹೊಸ ರುಮಾಲು ಸುತ್ತಿದ್ದ. ನಾನು ಮಣ್ಣಿನಲ್ಲಿ ಹರಿದಾಡುವುದನ್ನು ನೋಡಿ, ಅಲ್ಲೇನು ಕಡಲೆ ಬಿತ್ತುತ್ತಿದ್ದೀರೇನು ಎಂದು ಕೇಳಿದ. ಆಮೇಲೆ ಫಟಫಟಿಯನ್ನು ನೋಡಿ ಬಾಯಿ ಚಪ್ಪರಿಸಿದ.

"ನನ್ನ ಎತ್ತ ಹೊಟ್ಟಿಗಿ ಇಲ್ಲದಿದ್ರೂ ಎದ್ದು ನಡೀತಾವ ನೋಡ್ರಿ. ಇದಕ್ಕ ಹಾರ ಹಾಕಿ ಏನ ಮಾಡತೀರಿ? ಹತ್ರಿ, ಊರ ಮುಟ್ಟಸ್ತೀನಿ."

ಸಾಹೇಬರ ಮುಖ ಅರಳಿತು, ಮರುಕ್ಷಣವೇ ಬಾಡಿತು. ಎಲ್ಲಿಂದ ಬರುತ್ತಿದ್ದೀಯ ಎಂದು ಕೇಳಿದರು. ಹಬ್ಬಕ್ಕೆ ಬೀಗರ ಊರಿಗೆ ಹೋಗಿದ್ದೆ ಎಂದು ಅವನು ಹೇಳಿದ ಊರು, ದನ ಬೀಳುತ್ತಿದ್ದ ಊರಿನ ಆಚೆಯದು, ಅದನ್ನು ದಾಟಿಯೇ ಬಂದಿದ್ದ. ಎತ್ತುಗಳ ಕಣ್ಣಲ್ಲಿ ಇನ್ನೂ ನೀರಿರಲಿಲ್ಲ. ಆದರೆ ಬ್ಯಾನಿ ಮೈಯಲ್ಲಿ ಹೊಕ್ಕು ಕಾಣಿಸಿಕೊಳ್ಳುವುದಕ್ಕೆ ಕೆಲವು ದಿನ ಬೇಕು. ಲಸಿಕೆಯ ಪೆಟ್ಟಿಗೆಯ ಜೊತೆಗೇ ಬ್ಯಾನಿಯನ್ನೂ ಬಂಡಿಗೆ ಹೂಡಿಕೊಂಡು ಅಕ್ಕನ ಊರಿನ ಅಗಸಿ ಬಾಗಿಲು ಹೊಕ್ಕ ಹಾಗಾಗುತ್ತಿತ್ತು. ನಾನೇ ಬ್ಯಾಡ ಎಂದೆ. ಯಾಕೆಂದು ಹೇಳಿದ ಮೇಲೆ ರೈತ ನಗುವುದನ್ನು ಬಿಟ್ಟ. ಕೆಳಗಿಳಿದು ಎರಡೂ ಎತ್ತುಗಳ ಕಣ್ಣಿನ ಮೂಲೆ ಬೆರಳಿನಿಂದ ಮುಟ್ಟಿ ನೋಡಿದ. ಅವನಿರುವುದು ದಾರಿ ಕವಲೊಡೆಯುವ ಆಚೆ ಬದಿಯ ಊರು. ಮನೆಗೆ ಹೋದ ಮೇಲೆ ಈ ಎತ್ತುಗಳನ್ನು ಬೇರೆ ಕಟ್ಟು, ಮೊದಲು ನಿನ್ನ ಊರಿಗೇ ಬರುತ್ತೇವೆ ಎಂದು ಸಾಹೇಬರು ಹೇಳಿದರು. ಅವನು ಬಂಡಿ ಏರಲಿಲ್ಲ, ಎತ್ತುಗಳ ಮುಂದೆ ಕಾಲ್ನಡಿಗೆಯಲ್ಲೇ ಹೋದ.

ಸ್ಕ್ರೂ ಸಿಕ್ಕಿತು, ನನ್ನ ಮೊಣಕಾಲಿನ ಕೆಳಗೇ ಇತ್ತು. ಪಾಯಿಂಟಿನ ಮುಚ್ಚಳ ಪೂರ್ತಿ ತೆಗೆಯಲು ಕೈ ಹಾಕಿದೆ. ಸಾಹೇಬರು ಪೆಟ್ಟಿಗೆಯನ್ನು ತೊಗರಿಯ ನೆರಳಿಗೆ ಇಟ್ಟು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ಕಂಪೌಂಡರೇ, ಒಂದು ಮಾತು. ದವಾಖಾನೆಗೆ ದನ ಬಂದ್ರೆ ಬಂದ ಕೂಡ್ಲೇ ಹೊಟ್ಟೆ ಕುಯ್ತೀವಾ?"

ಇಲ್ಲ ಎಂದೆ.

"ಮತ್ತೆ ಇದಕ್ಕೆ ಆಗ್ಲಿಂದ ಅದನ್ನೇ ಮಾಡ್ತಿದೀರಲ್ಲ."

ಅವರು ಸಿಟ್ಟಿನಿಂದ ಹೇಳಲಿಲ್ಲ, ಬೇಸರದಿಂದಲೂ ಅಲ್ಲ. ದವಾಖಾನೆಯಲ್ಲಿ ಕೇಳುವ ಹಾಗೇ ಕೇಳಿದರು. ನಾನು ಪೇಚಕಸ್ಸು ಕೆಳಗಿಟ್ಟೆ. ಸಡಿಲ ಮಾಡಿದ್ದ ಸ್ಕ್ರೂಗಳನ್ನು ಮತ್ತೆ ಬಿಗಿಮಾಡಿದೆ. ಏನನ್ನೂ ಮುಟ್ಟದೆ, ಏನನ್ನೂ ಒರೆಸದೆ, ಸುಮ್ಮನೆ ಒಂದು ಸಲ ಒದ್ದು ನೋಡಿದೆ.

ಶುರುವಾಯಿತು.

ಅಂದರೆ ಹಿಂದಿನ ಎರಡೂ ಸಲ ನಾನು ಮಾಡಿದ ರಿಪೇರಿ ರಿಪೇರಿಯೇ ಅಲ್ಲ. ಪ್ಲಗ್ಗು ಒರೆಸಿದ್ದಕ್ಕಲ್ಲ, ಕಾರ್ಬುರೇಟರ್ ಊದಿದ್ದಕ್ಕಲ್ಲ. ನಾನು ಅವುಗಳಲ್ಲಿ ಮುಳುಗಿದ್ದಾಗ ಅದು ಸುಮ್ಮನೆ ನಿಂತು ದಣಿವಾರಿಸಿಕೊಂಡಿತ್ತು. ಏನೋ ಒಂದು ಓಡುವಾಗ ಮೆಲ್ಲಗೆ ಕಟ್ಟಿಕೊಳ್ಳುತ್ತದೆ, ನಿಂತಾಗ ಮೆಲ್ಲಗೆ ಬಿಡುತ್ತದೆ. ಅದು ಕಟ್ಟಿಕೊಂಡ ಗಳಿಗೆಯಲ್ಲೇ ಹಿಡಿಯಬೇಕು, ಬಿಡುವುದಕ್ಕೆ ಅವಕಾಶ ಕೊಡಬಾರದು. ಸಾಹೇಬರಿಗೆ ಹೇಳಿದೆ: ಇನ್ನು ದಾರಿಯಲ್ಲಿ ಏನನ್ನೂ ಬಿಚ್ಚುವುದಿಲ್ಲ. ಇದು ಸಾಯುವ ತನಕ ಓಡಿಸುತ್ತೇನೆ. ಸಾಯುವಾಗ ನೀವು ಜಿಗಿದು ಇಳಿಯಿರಿ, ನಾನು ಆ ಕ್ಷಣಕ್ಕೆ ಎಲ್ಲಿ ಉಸಿರು ನಿಂತಿದೆ ಎಂದು ನೋಡುತ್ತೇನೆ. ಇದೂ ತಪ್ಪಿದರೆ ಲಸಿಕೆ ಚೆಲ್ಲಿ ನಡೆದು ಹೋಗುವುದು.

ಹಾಗೆ ಓಡಿಸುವುದು ಸುಲಭವಿರಲಿಲ್ಲ. ಅದು ನಿಲ್ಲಬಾರದು ಎಂದು ಒಂದು ಮನಸ್ಸು, ಬೇಗ ನಿಲ್ಲಲಿ ಎಂದು ಇನ್ನೊಂದು. ಕಿವಿಯೆಲ್ಲ ಎಂಜಿನ್ನಿನಲ್ಲಿ ಇಟ್ಟಿದ್ದೆ. ಊರಿನ ಬೇವಿನ ಗಿಡಗಳು ದೂರದಲ್ಲಿ ಕಾಣಿಸಿಕೊಂಡವು. ಹಳ್ಳದ ಸಾಲಿನ ಈಚಲು ಕಾಣಿಸಿತು. ಆಗ ಕೆಮ್ಮಿತು.

ಸಾಹೇಬರು ಪೆಟ್ಟಿಗೆಯೊಂದಿಗೆ ಹಾರಿದರು. ನಾನು ಗಾಡಿಯನ್ನು ನಿಲ್ಲಿಸುತ್ತಲೇ ರಬ್ಬರ್ ನಳಿಗೆ ಕಿತ್ತೆ. ಪೆಟ್ರೋಲಿನ ಕಾಕು ತೆರೆದೇ ಇತ್ತು, ಟಾಕಿ ಮುಕ್ಕಾಲು ತುಂಬಿತ್ತು, ನಳಿಗೆಯಿಂದ ಒಂದು ಹನಿಯೂ ಇಲ್ಲ. ಅದರ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದೆ, ಈ ಸಲ ಗಾಳಿ ಅಲ್ಲಿಂದ ಒಳಗೆ ಹೋಗಬಾರದೆಂದು. ಇನ್ನೊಂದು ಕೈಯಿಂದ ಟಾಕಿಯ ಮುಚ್ಚಳ ತಿರುಗಿಸಿದೆ. ಮುಚ್ಚಳ ಟಾಕಿಗೆ ಕಚ್ಚಿಕೊಂಡಿತ್ತು, ಬಿಡಲಿಲ್ಲ. ಜೋರು ಮಾಡಿದೆ.

ಸುಯ್ ಎಂದು ಟಾಕಿ ಉಸಿರೆಳೆದುಕೊಂಡಿತು. ಸಾಹೇಬರಿಗೂ ಕೇಳಿಸಿತು. ಹೆಬ್ಬೆರಳು ತೆಗೆದರೆ ಪೆಟ್ರೋಲ್ ಧಾರೆಯಾಗಿ ನನ್ನ ಕಾಲಿನ ಮೇಲೆ ಬಿತ್ತು.

ಮುಚ್ಚಳವನ್ನು ಬಿಸಿಲಿಗೆ ಹಿಡಿದೆ. ನಡುವಿನ ತೂತಿನ ಮೇಲೆ ಮೂರು ಬೆರಳಿನಿಂದ ದಪ್ಪಗೆ ಎಳೆದ ವಿಭೂತಿ, ಅದರ ನಡುವೆ ಕುಂಕುಮದ ಬೊಟ್ಟು. ನೀರಿನಲ್ಲಿ ಕಲಸಿ ಹಚ್ಚಿದ್ದು ಒಣಗಿ ಗಾರೆಯಾಗಿತ್ತು, ಅದರ ಮೇಲೆ ದಾರಿಯ ಧೂಳು ಕೂತು ಮೆತ್ತಿಕೊಂಡಿತ್ತು. ಮೇಲಿನಿಂದ ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಬೆಳಿಗ್ಗೆಯಿಂದ ಅದು ನನ್ನ ಹೊಟ್ಟೆಯ ಮುಂದೆಯೇ ಇತ್ತು. ನಾಲ್ಕಾರು ಸಲ ಅದರ ಮೇಲೆಯೇ ಕೈಯೂರಿದ್ದೆ. ಪೂಜೆಯ ಗುರುತೆಂದು ಕಣ್ಣು ಅದನ್ನು ದಾಟಿ ದಾಟಿ ಹೋಗಿತ್ತು. ನಿನ್ನೆಯಷ್ಟೇ ಚುಚ್ಚಿದ ತೂತು, ಅದರ ಮೇಲೆ ನನಗೆ ಸಂಶಯ ಬರುವುದೂ ಸಾಧ್ಯವಿರಲಿಲ್ಲ.

ಅವ್ವ ಅಲ್ಲಿ ಯಾಕೆ ಹಚ್ಚಿದಳೆಂದು ಯಾರೂ ನನಗೆ ಹೇಳಬೇಕಿರಲಿಲ್ಲ. ನಮ್ಮ ಮನೆಯಲ್ಲಿ ಉಣ್ಣುವ ಬಾಯಿಗೆ ಪೂಜೆ. ಒಲೆಯ ಬಾಯಿಗೆ, ಬೀಸುವ ಕಲ್ಲಿನ ಬಾಯಿಗೆ, ಜೋಳ ತುಂಬಿದ ಹಗೇವಿನ ಬಾಯಿಗೆ ಅವಳು ಹೀಗೆಯೇ ಮೂರು ಬೆರಳು ಎಳೆಯುತ್ತಾಳೆ. ಫಟಫಟಿ ಎಲ್ಲಿಂದ ಉಣ್ಣುತ್ತದೆ ಎಂದು ಅವಳು ನೋಡಿಕೊಂಡಿದ್ದಳು. ಎರಡು ಪಟ್ಟು ಪೂಜೆ ಎಂದು ಹೇಳಿಯೂ ಇದ್ದಳು.

ಸಾಹೇಬರು ಚೀಲದಿಂದ ಒಂದು ದಪ್ಪ ಸೂಜಿ ತೆಗೆದು ಕೊಟ್ಟರು, ದನಕ್ಕೆ ಚುಚ್ಚುವುದು. ನಾನು ತೂತು ಬಿಡಿಸಿದೆ, ಊದಿದೆ, ಗಾಳಿ ಆಡಿತು. ಆ ಸೂಜಿಯನ್ನು ಇನ್ನು ಚೀಲಕ್ಕೆ ಹಾಕುವುದು ಬೇಡ, ನೀವೇ ಇಟ್ಟುಕೊಳ್ಳಿ ಎಂದರು. ನಗು ಬಂದಿತ್ತು ಅವರಿಗೆ, ತಡೆದುಕೊಂಡಿದ್ದರು.

ಅಗಸಿಯ ಹತ್ತಿರ ಬರುವಾಗ ನಮಗೆ ಮೊದಲು ಕೇಳಿಸಿದ್ದು ದನಗಳ ಕೂಗು. ಬಾಯಾರಿದ ದನ ಕೂಗುವ ರೀತಿಯೇ ಬೇರೆ. ಊರಿನ ದನವೆಲ್ಲ ಅಂಗಳಗಳಲ್ಲಿ, ಗುಡಿಯ ಮುಂದಿನ ಬಯಲಲ್ಲಿ ಕಟ್ಟಿದ್ದವು. ಬಾವಿಕಟ್ಟೆಯ ಸುತ್ತ ಕೊಡ, ಬಕೀಟು ಉರುಳಿದ್ದವು. ಹಳ್ಳಕ್ಕೆ ಇಳಿಯುವ ಓಣಿಯ ಬಾಯಿಗೆ ನಾಲ್ಕಾರು ಎಮ್ಮೆ ಬಿಚ್ಚಿಕೊಂಡು ಒಬ್ಬ ಗೌಳಿ ನಿಂತಿದ್ದ. ಅವನೆದುರು ಓಣಿಗೆ ಅಡ್ಡವಾಗಿ ಒಂದು ಹಗ್ಗದ ಹೊರಸು ಹಾಕಿ, ಅದರ ಮೇಲೆ ನನ್ನ ಅಕ್ಕ ಕೂತಿದ್ದಳು. ಹಬ್ಬದ ಸೀರೆ ಮೊಣಕಾಲಿನ ತನಕ ಒದ್ದೆ. ಸೇದಿ ಸೇದಿ ಅಂಗೈ ಸುಲಿದಿತ್ತು, ಅದನ್ನು ನಾನು ಆಮೇಲೆ ನೋಡಿದೆ.

ಗೌಳಿ ಅವಳಿಗೆ ಹೇಳುತ್ತಿದ್ದ, ನಿನ್ನ ತಮ್ಮ ಹಬ್ಬದ ಹೋಳಿಗೆ ತಿಂದು ಮಲಗಿದಾನ ತಾಯಿ, ಎಮ್ಮಿಗಳ ಶಾಪ ಕಟ್ಟಿಕೋಬ್ಯಾಡ ಎಂದು. ಫಟಫಟಿಯ ಸಪ್ಪಳಕ್ಕೆ ಅವನು ಹಿಂದಿರುಗಿ ನೋಡಿದ. ಅಕ್ಕ ಹೊರಸಿನಿಂದ ಏಳಲಿಲ್ಲ.

"ಮದಲ ಈತನ ಎಮ್ಮಿಗಿ ಚುಚ್ಚರಿ" ಎಂದಳು. "ಆಮ್ಯಾಲ ಏಳತೀನಿ."

ಸಾಹೇಬರು ಪೆಟ್ಟಿಗೆ ತೆರೆದರು. ಹೊಟ್ಟಿನ ನಡುವೆ ಬರ್ಫ ಅಂಗೈಯಷ್ಟು ಉಳಿದಿತ್ತು, ಗಾಜಿನ ಕೊಳವೆಗಳು ಅದಕ್ಕೆ ಅಂಟಿಕೊಂಡಿದ್ದವು. ಒಂದೊಂದನ್ನೂ ಕೆನ್ನೆಗೆ ಹಚ್ಚಿಕೊಂಡು ನೋಡಿದರು. ಆಮೇಲೆ ಒಂದರ ಕುತ್ತಿಗೆ ಮುರಿದರು. ತಂಪು ಉಪ್ಪುನೀರಿನಲ್ಲಿ ಕರಗಿಸಿದ ಮೇಲೆ ಈ ಲಸಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಅವರು ಕರಗಿಸುವುದು, ನಾನು ಚುಚ್ಚುವುದು, ಊರಿನವರು ಹಿಡಿಯುವುದು. ಕುತ್ತಿಗೆಯ ತೊಗಲನ್ನು ಚಿವುಟಿ ಎತ್ತಬೇಕು, ಸೂಜಿ ತೊಗಲಿನ ಕೆಳಗೆ ಹೋಗಬೇಕು, ಮಾಂಸಕ್ಕೆ ಇಳಿಯಬಾರದು. ಗೌಳಿಯ ಎಮ್ಮೆಗಳಾದ ಮೇಲೆ ಅಕ್ಕ ಎದ್ದು ಹೊರಸನ್ನು ಗೋಡೆಗೆ ಒರಗಿಸಿ, ತನ್ನ ಎರಡು ಎತ್ತು, ಒಂದು ಆಕಳನ್ನು ಕೊನೆಗೆ ತಂದಳು. ಅವಕ್ಕೆ ಚುಚ್ಚುವಾಗ ಹೊತ್ತು ಮುಳುಗುತ್ತಿತ್ತು. ಲಸಿಕೆ ಮೈಗೆ ಹಿಡಿಯುವ ತನಕ, ಬರುವ ವಾರವೆಲ್ಲ ಹಳ್ಳಕ್ಕೆ ಬಿಡಬಾರದು ಎಂದು ಸಾಹೇಬರು ಹೇಳಿದಾಗ ಯಾರೂ ಗೊಣಗಲಿಲ್ಲ. ಬಾವಿಗೆ ಪಾಳಿ ಹಚ್ಚಿಕೊಂಡರು. ಮೊದಲ ಪಾಳಿ ಆ ಗೌಳಿಯದೇ.

ಅಕ್ಕ ನನಗೆ ಚಹಾ ತಂದು ಕೊಟ್ಟು ಫಟಫಟಿಯ ಹತ್ತಿರ ನಿಂತಳು. ಟಾಕಿಯ ಮುಚ್ಚಳದ ಅಂಚಿನಲ್ಲಿ ಉಳಿದಿದ್ದ ವಿಭೂತಿಯನ್ನು ಬೆರಳಿನಿಂದ ತಟ್ಟಿದಳು.

"ಅವ್ವನ ಕೈ ಇದು. ಹಗೇವ ಬಾಯಿ ಮುಚ್ಚಿದಂಗ ಮೆತ್ತ್ಯಾಳ."

ನಾನು ಚಹಾ ಕುಡಿಯುತ್ತ ನಡೆದದ್ದನ್ನು ಹೇಳಿದೆ. ಅವಳು ಸೆರಗು ಬಾಯಿಗಿಟ್ಟು ಭಾಳ ಹೊತ್ತು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಅವ್ವನಿಗೆ ಹೇಳಬೇಡ ಎಂದು ಮಾತು ತೆಗೆದುಕೊಂಡೆ.

ಮರುದಿನ ನಾವು ಆ ಬಂಡಿಯ ರೈತನ ಊರಿಗೆ ಹೋಗಿ ಎತ್ತುಗಳನ್ನು ಬೇರೆ ಕಟ್ಟಿದ್ದು ನೋಡಿದೆವು, ಆಮೇಲೆ ವಾಡಿಯ ಬರ್ಫಿನಲ್ಲಿ ಮತ್ತೆ ಲಸಿಕೆ ತರಿಸಿ ಆ ಊರಿಗೂ ಉಳಿದ ಊರುಗಳಿಗೂ ಚುಚ್ಚಿದೆವು. ಆ ಸುಗ್ಗಿಯ ತನಕ ತಿರುಗಿದೆವು. ರೈತನ ಎತ್ತುಗಳಲ್ಲಿ ಒಂದು ಉಳಿಯಲಿಲ್ಲ; ಬೇರೆ ಕಟ್ಟಿದ್ದರಿಂದ ಅವನ ಊರು ಉಳಿಯಿತು. ಎತ್ತು ಸತ್ತ ಬಾಜೂ ಊರಿನಲ್ಲಿ ಹೆಂಗಸರು ನೊಗಕ್ಕೆ ಹೆಗಲು ಕೊಟ್ಟು ಬಿತ್ತಿದ್ದನ್ನು ನಾನು ನೋಡಿದೆ. ಅಕ್ಕನ ಊರಿಗೆ ಬ್ಯಾನಿ ಹೊಗಲಿಲ್ಲ.

ಬನ್ನಿಯ ದಿನ ಸಂಜೆ ಮನೆಗೆ ಬಂದಾಗ ಅವ್ವ ಕೇಳಿದ್ದು ಎರಡೇ ಮಾತು: ಮಗಳ ದನ ಹೇಗಿವೆ, ಫಟಫಟಿ ತ್ರಾಸು ಕೊಡಲಿಲ್ಲವಷ್ಟೆ? ಇಲ್ಲ ಎಂದೆ. ಪಾನಾಗಳನ್ನು ಅವಳ ಕೈಗೆ ಕೊಟ್ಟೆ. ಅವಳು ಮತ್ತೆ ಕಂಬಳಿಯ ಮೇಲಿಟ್ಟು ಒಂದು ಹೂ ಏರಿಸಿದಳು. ಆ ವಿಷಯ ನಮ್ಮ ಮನೆಯಲ್ಲಿ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮುಂದಿನ ವರ್ಷದ ಖಂಡೆ ಪೂಜೆಗೆ ನಾನು ಸ್ನಾನಕ್ಕೆ ಹೋಗದೆ ಫಟಫಟಿಯ ಹತ್ತಿರವೇ ಸುಳಿಯುತ್ತಿದ್ದೆ, ಏನಾದರೊಂದು ನೆವ ಹೇಳಿ ಮುಚ್ಚಳ ಬಿಚ್ಚಿ ಒಳಗಿಡಬೇಕೆಂದು. ಅವ್ವ ಪೂಜೆಯ ತಾಟು ಹಿಡಿದು ಬಂದಳು. ತಾಟನ್ನು ಸೀಟಿನ ಮೇಲಿಟ್ಟಳು. ಕುಬ್ಸಕ್ಕೆ ಸಿಗಿಸಿದ್ದ ಪಿನ್ನು ತೆಗೆದು, ಕಣ್ಣು ಸಣ್ಣ ಮಾಡಿ, ಟಾಕಿಯ ಮುಚ್ಚಳದ ತೂತನ್ನು ಹುಡುಕಿ, ಪಿನ್ನು ಇಳಿಸಿ ತೆಗೆದಳು. ಬಗ್ಗಿ ಒಮ್ಮೆ ಊದಿದಳು. ಆಮೇಲೆ ಮೂರು ಬೆರಳಿನ ವಿಭೂತಿಯನ್ನು ಮುಂದಿನ ದೀಪಕ್ಕೆ ಎಳೆದಳು.

"ವರ್ಷಾನುಗಟ್ಲೆ ದನದ ಮೂಗಿಗಿ ಕೈ ಹಿಡದು ಉಸರು ನೋಡಾವ ನೀ" ಎಂದಳು, ನನ್ನ ಕಡೆ ನೋಡದೆ. "ಇದಕ್ಕ ಮೂಗು ಎಲ್ಲದ ಅಂತ ನನಗ ಒಂದು ಮಾತ ಹೇಳಬಾರದೇನು?"

ಪಿನ್ನನ್ನು ಸೆರಗಿನಿಂದ ಒರೆಸಿ ಮತ್ತೆ ಕುಬ್ಸಕ್ಕೆ ಸಿಗಿಸಿಕೊಂಡಳು.